ಸೀಲಿಂಗ್‌ಗೆ ಒದ್ದೆ ಬಟ್ಟೆ ತಾಗಿಸಬೇಡಿ

ನಾನು ಆಫೀಸಿನಲ್ಲಿ ಅಡ್ಮಿನ್ ಕೆಲಸ ನೋಡಿಕೊಳ್ಳುವವಳು. ಅಂದರೆ ಯಾರಿಗೂ ಸೇರದ ಕೆಲಸವೆಲ್ಲ ನನಗೆ ಸೇರಿದ್ದು. ಕುರ್ಚಿಯ ಚಕ್ರ ಮುರಿದರೆ ನನ್ನ ಹತ್ತಿರ ಬರುತ್ತಾರೆ, ಐಡಿ ಕಾರ್ಡ್ ಕಳೆದರೆ ನನ್ನ ಹತ್ತಿರ, ಮೀಟಿಂಗ್ ರೂಮಿನಲ್ಲಿ ಒಬ್ಬರಿಗೆ ಚಳಿ ಇನ್ನೊಬ್ಬರಿಗೆ ಸೆಖೆ ಎಂದಾಗಲೂ ನನ್ನ ಹತ್ತಿರವೇ. ಸೀಲಿಂಗ್ ವಿಷಯಕ್ಕೆ ಮಾತ್ರ ಯಾರೂ ಬರುವುದಿಲ್ಲ. ಎಲ್ಲರ ತಲೆಯ ಮೇಲೇ ಇದ್ದರೂ ಯಾರ ಕಣ್ಣಿಗೂ ಬೀಳದ ವಸ್ತು ಅದು. ದೊಡ್ಡವರು ಯಾರೋ ಆಫೀಸ್ ನೋಡಲು ಬರುತ್ತಾರೆ ಅಂತಾದಾಗ ಇದ್ದಕ್ಕಿದ್ದಂತೆ ಎಲ್ಲರ ಕತ್ತೂ ಮೇಲಕ್ಕೆ ಹೋಗುತ್ತದೆ. "ಮೇಡಂ, ಮೇಲೆ ಏನದು ಕಲೆ? ಒಂದ್ಸಲ ಒದ್ದೆ ಬಟ್ಟೇಲಿ ಒರೆಸಿಬಿಡೋಕೆ ಹೇಳಿ, ಐದು ನಿಮಿಷದ ಕೆಲಸ."

ಐದು ನಿಮಿಷದಲ್ಲಿ ಟೈಲ್ ಹಾಳು ಮಾಡಬಹುದು, ಅದು ನಿಜ. ಸ್ವಚ್ಛ ಮಾಡಲು ಆಗುವುದಿಲ್ಲ.

ಟೈಲ್ ಅಂದರೆ ಆಫೀಸುಗಳ ಫಾಲ್ಸ್ ಸೀಲಿಂಗ್‌ನಲ್ಲಿ ಕಾಣುವ ಆ ಬಿಳಿ ಚೌಕಗಳು, ಮೈಮೇಲೆಲ್ಲ ಸೀಳು, ಚುಕ್ಕಿ, ಹುಳು ಕೊರೆದಂಥ ಗೆರೆ ಇರುವವು, ನೋಡಲು ಸಿಮೆಂಟಿನವೋ ಸುಣ್ಣದವೋ ಅನ್ನಿಸುತ್ತವೆ. ಒಂದನ್ನು ಮುರಿದು ನೋಡಿ. (ಮುರಿಯಲು ಬಲವೇನೂ ಬೇಡ. ಮೂಲೆ ಹಿಡಿದು ಎತ್ತಿದರೂ ಸಾಕು, ತಾನೇ ಮುರಿದುಕೊಳ್ಳುತ್ತದೆ.) ಒಳಗೆಲ್ಲ ಬೂದು ಬಣ್ಣ. ಬೆರಳಲ್ಲಿ ಉಜ್ಜಿದರೆ ಒಂದಿಷ್ಟು ನಾರು, ಒಂದಿಷ್ಟು ಹರಳಿನಂಥ ಪುಡಿ ಉದುರುತ್ತದೆ. ನಾರು ಅಂದರೆ ಮಿನರಲ್ ವುಲ್, ಕಲ್ಲನ್ನೋ ಲೋಹದ ಕುಲುಮೆಯ ಕಿಟ್ಟವನ್ನೋ ಕರಗಿಸಿ ಎಳೆದದ್ದು. ಹರಳು ಅಂದರೆ ಪರ್ಲೈಟ್, ಬಿಸಿಗೆ ಹಿಗ್ಗಿಸಿದ ಜ್ವಾಲಾಮುಖಿ ಗಾಜು. ಜೊತೆಗೆ ಜೇಡಿಮಣ್ಣು, ಹಳೆಯ ಕಾಗದದ ತಿರುಳು. ಇಷ್ಟನ್ನೂ ಹಿಡಿದಿಟ್ಟಿರುವುದು ಬಹುಮಟ್ಟಿಗೆ ಪಿಷ್ಟದ ಅಂಟು. ಮೇಲ್ಮೈಯಲ್ಲಿ ಕಾಣುವ ಬಿಳುಪು ಒಂದು ತೆಳು ಬಣ್ಣದ ಪೊರೆ, ಅಷ್ಟೇ. ಬೆನ್ನಿನ ಕಡೆ ಅದೂ ಇರುವುದಿಲ್ಲ.

ಕಾಗದ ಮತ್ತು ಪಿಷ್ಟ ಅಂದಮೇಲೆ ನೀರು ಬಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಒದ್ದೆ ಬಟ್ಟೆ ಎಳೆದ ಕಡೆ ಮೇಲಿನ ಧೂಳು ಕೆಸರಾಗಿ ಆ ಸಣ್ಣ ತೂತುಗಳೊಳಗೆ ಇಳಿದು ಕೂರುತ್ತದೆ. ಆಮೇಲೆ ಅದನ್ನು ಹೊರಗೆ ತೆಗೆಯುವ ದಾರಿಯೇ ಇಲ್ಲ. ಬಟ್ಟೆ ಇನ್ನೂ ಒಂದಿಷ್ಟು ಜಾಸ್ತಿ ಒದ್ದೆಯಿದ್ದರೆ ಬಣ್ಣದ ಪೊರೆಯೇ ಮೆತ್ತಗಾಗಿ ಏಳುತ್ತದೆ, ಸೀಳುಗಳ ಅಂಚು ಸವೆದು ನುಣುಪಾಗುತ್ತದೆ. ಒಣಗಿದ ಮೇಲೆ ಆ ಒಂದು ಟೈಲ್ ಪಕ್ಕದವುಗಳಿಗಿಂತ ಬೇರೆಯಾಗಿ ಮಿನುಗುತ್ತದೆ. ಹೆಚ್ಚು ನೀರು ಕುಡಿದದ್ದು ನಡುವೆ ಜೋಲುತ್ತದೆ, ಮತ್ತೆ ಒಣಗಿದರೂ ನೆಟ್ಟಗಾಗುವುದಿಲ್ಲ.

ಆ ತೂತುಗಳು ಅಂದಕ್ಕೆ ಇರುವವಲ್ಲ ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸದ್ದು ನುಂಗಲು ಇರುವವು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಒಂದು ಸದ್ದು ಹೊರಟರೆ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಗೋಡೆಯಿಂದ ಗೋಡೆಗೆ ಅಲೆಯುತ್ತಿತ್ತು. ವ್ಯಾಲೇಸ್ ಸಬೈನ್ ಅನ್ನೋ ಯುವ ಭೌತಶಾಸ್ತ್ರದ ಮೇಷ್ಟ್ರು ರಾತ್ರಿ ಹೊತ್ತು ಪಕ್ಕದ ಥಿಯೇಟರಿನಿಂದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು, ಎಷ್ಟು ಮೆತ್ತೆ ಹಾಕಿದರೆ ಸದ್ದು ಎಷ್ಟು ಬೇಗ ಅಡಗುತ್ತದೆ ಅಂತ ಅಳೆದರು. ಮೃದುವಾದ, ತೂತುಗಳಿರುವ ವಸ್ತು ಸದ್ದನ್ನು ಹೀರುತ್ತದೆ ಅನ್ನೋದಕ್ಕೆ ಲೆಕ್ಕ ಸಿಕ್ಕಿದ್ದು ಆ ಕೆಲಸದಿಂದ. ನಮ್ಮ ತಲೆಯ ಮೇಲಿನ ಟೈಲ್ ಮಾಡುವುದೂ ಆ ಮೆತ್ತೆಗಳ ಕೆಲಸವನ್ನೇ. ಹಾಗಾಗಿ ಸೀಲಿಂಗ್ ಸ್ವಚ್ಛ ಮಾಡುವ ಹೆಸರಿನಲ್ಲಿ ತೂತು ಮುಚ್ಚಿಬಿಟ್ಟರೆ ನೋಟ ಉಳಿದು ಉಪಯೋಗ ಹೋಯಿತು. ಹಾಲಿನ ಆ ತುದಿಯಲ್ಲಿ ಒಬ್ಬರು ಫೋನಿನಲ್ಲಿ ಮಾತಾಡಿದ್ದು ಈ ತುದಿಗೆ ಸ್ಪಷ್ಟವಾಗಿ ಕೇಳಲು ಶುರುವಾಗುತ್ತದೆ.

ಎಲ್ಲ ಟೈಲೂ ಇಷ್ಟು ನಾಜೂಕಲ್ಲ. ಜಿಪ್ಸಮ್ ಬೋರ್ಡಿನ ಮೇಲೆ ಪಿವಿಸಿ ಹಾಳೆ ಅಂಟಿಸಿದವು ಇರುತ್ತವೆ. ಅವುಗಳಲ್ಲಿ ಉಬ್ಬು ಡಿಸೈನ್ ಇದ್ದರೂ ತೂತಿರುವುದಿಲ್ಲ, ಉಗುರಿನಲ್ಲಿ ಮೆಲ್ಲಗೆ ಒತ್ತಿದರೆ ಪ್ಲಾಸ್ಟಿಕ್ ಅಂತ ಗೊತ್ತಾಗುತ್ತದೆ. ಅವನ್ನು ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಧಾರಾಳವಾಗಿ ಒರೆಸಬಹುದು. ಅಂಚಿನಲ್ಲಿ ನೀರು ಇಳಿಯದಂತೆ ನೋಡಿಕೊಂಡರೆ ಆಯಿತು, ಒಳಗಿನ ಜಿಪ್ಸಮ್‌ಗೆ ನೀರು ಆಗದು. ಲೋಹದ ಟೈಲ್‌ಗಳೂ ಒರೆಸಲು ಸುಲಭ. ಅಡುಗೆಮನೆ, ಆಸ್ಪತ್ರೆಗಳಿಗೆಂದೇ ತೊಳೆಯುವಂಥ ಟೈಲ್ ಮಾಡುತ್ತಾರೆ. ನಿಮ್ಮದು ಯಾವುದು ಅಂತ ತಿಳಿಯಬೇಕಾದರೆ ಒಂದನ್ನು ಎತ್ತಿ ಬೆನ್ನು ನೋಡಿ. ಕಂಪನಿ, ಮಾದರಿ ಅಲ್ಲಿ ಅಚ್ಚಾಗಿರುವುದು ರೂಢಿ. ಕಂಪನಿಯವರ ಸೂಚನೆ ಏನಿದೆಯೋ ಅದು ನನ್ನ ಮಾತಿಗಿಂತ ದೊಡ್ಡದು.

ಎತ್ತುವ ಮುಂಚೆ ಒಂದು ಮಾತು. ಕಟ್ಟಡ ತೀರಾ ಹಳೆಯದಾಗಿದ್ದರೆ, ಸೀಲಿಂಗ್ ಆ ಕಾಲದ್ದೇ ಆಗಿದ್ದರೆ, ಕೈ ಹಚ್ಚಲೇಬೇಡಿ. ಹಿಂದೆ ಟೈಲ್‌ಗಳಲ್ಲೂ ಸೀಲಿಂಗ್‌ಗೆ ಸಿಂಪಡಿಸುತ್ತಿದ್ದ ತರಿತರಿ ಲೇಪದಲ್ಲೂ ಆಸ್ಬೆಸ್ಟಾಸ್ ಅನ್ನೋ ಅಪಾಯಕಾರಿ ಖನಿಜ ನಾರನ್ನು ಬೆರೆಸುತ್ತಿದ್ದರು. ಅಮೆರಿಕದಲ್ಲಿ ಸಿಂಪಡಿಸುವ ಆಸ್ಬೆಸ್ಟಾಸಿಗೆ 1970ರ ದಶಕದಲ್ಲಿ ಹಂತಹಂತವಾಗಿ ತಡೆ ಬಿತ್ತು, ಬ್ರಿಟನ್ ಪೂರ್ತಿ ನಿಷೇಧಕ್ಕೆ ಬಂದದ್ದು 1999ರಲ್ಲಿ. ಅಲುಗಾಡಿಸದೆ ಬಿಟ್ಟರೆ ಅದು ಸುಮ್ಮನಿರುತ್ತದೆ. ಉಜ್ಜಿದರೆ, ಮುರಿದರೆ ನಾರು ಗಾಳಿಗೆ ಬರುತ್ತದೆ, ಎದೆಗೆ ಹೋಗುತ್ತದೆ. ಸಂಶಯವಿದ್ದರೆ ಮೊದಲು ಪರೀಕ್ಷೆ ಮಾಡಿಸಿ, ಬ್ರಷ್ ಆಮೇಲೆ.

ಇನ್ನು ಕಲೆಗಳು. ನನಗೆ ಈ ಕೆಲಸದಲ್ಲಿ ನಿಜಕ್ಕೂ ಇಷ್ಟವಾಗುವ ಭಾಗ ಇದು. ಸೀಲಿಂಗ್ ಮೇಲಿನ ಯಾವ ಕಲೆಯೂ ತಾನಾಗಿ ಬಂದು ಕೂತದ್ದಲ್ಲ, ಯಾವುದೋ ಒಂದು ಕಡೆಯಿಂದ ಕಳಿಸಲ್ಪಟ್ಟದ್ದು. ಕಳಿಸುತ್ತಿರುವವರನ್ನು ಹಿಡಿಯದೆ ಕಲೆ ತೆಗೆದರೆ ಮುಂದಿನ ತಿಂಗಳು ಅದೇ ಜಾಗಕ್ಕೆ ಮತ್ತೆ ಏಣಿ.

ಕಂದು ಬಣ್ಣದ ಉಂಗುರ ಎಲ್ಲರಿಗೂ ಪರಿಚಯ. ಮೇಲಿಂದ ನೀರು ಬಿದ್ದಿದೆ ಅಂತ ಅರ್ಥ. ನಡುವೆ ತಿಳಿಯಾಗಿ, ಅಂಚಿನಲ್ಲಿ ಗಾಢವಾಗಿ ಇರುವುದಕ್ಕೆ ಕಾರಣ, ನೀರು ಟೈಲ್ ಒಳಗೆ ಹರಡುತ್ತಾ ಕಾಗದದ ತಿರುಳಿನ ಬಣ್ಣವನ್ನೂ ಮೇಲಿನ ಕೊಳೆಯನ್ನೂ ಜೊತೆಗೆ ಎಳೆದುಕೊಂಡು ಹೋಗಿ, ಒಣಗುವ ಅಂಚಿನಲ್ಲಿ ಬಿಟ್ಟುಹೋಗುತ್ತದೆ. ಹಾಗಾಗಿ ಉಂಗುರದೊಳಗೆ ಉಂಗುರ ಇದ್ದರೆ ನೀರು ಒಂದೇ ಸಲ ಬಿದ್ದು ಮುಗಿದದ್ದಲ್ಲ, ಬಿದ್ದು ಒಣಗಿ ಮತ್ತೆ ಬಿದ್ದದ್ದು. ಒಂದೇ ಉಂಗುರವಾದರೆ ಎಂದೋ ಆದ ಅವಘಡ ಇರಬಹುದು. ಎಸಿ ಇರುವ ಆಫೀಸಿನಲ್ಲಿ ಮೊದಲ ಸಂಶಯ ಮಳೆಯ ಮೇಲೆ ಹೋಗುತ್ತದೆ, ಆದರೆ ಬಹಳ ಸಲ ಕಳ್ಳ ಮನೆಯವನೇ: ಡ್ರೈನ್ ಟ್ರೇ ಕಟ್ಟಿಕೊಂಡಿರುತ್ತದೆ, ಇಲ್ಲವೇ ತಣ್ಣನೆಯ ಪೈಪಿನ ಮೇಲಿನ ಇನ್ಸುಲೇಷನ್ ಒಂದು ಕಡೆ ಬಿರುಕು ಬಿಟ್ಟು ಅಲ್ಲಿ ಗಾಳಿಯ ತೇವ ಹನಿಗಟ್ಟಿ ತೊಟ್ಟಿಕ್ಕುತ್ತಿರುತ್ತದೆ. ಟೈಲ್ ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಬಹುತೇಕ ಕೇಸು ಅಲ್ಲೇ ಇತ್ಯರ್ಥ. ಹನಿ ಬಿದ್ದ ಜಾಗಕ್ಕೂ ಸೋರುವ ಜಾಗಕ್ಕೂ ಒಂದೆರಡು ಟೈಲ್ ಅಂತರ ಇರಬಹುದು, ನೀರು ಪೈಪಿನ ಮೈ ಹಿಡಿದು ಓಡಿ ಬಂದು ತಗ್ಗಿನಲ್ಲಿ ಬೀಳುತ್ತದೆ. ಆದ್ದರಿಂದ ಕಲೆಯ ನೇರ ಮೇಲೆ ಏನೂ ಕಾಣದಿದ್ದರೆ ಪೈಪ್ ಹಿಡಿದು ಮೇಲಕ್ಕೆ ಕಣ್ಣು ಓಡಿಸಿ.

ಒಮ್ಮೆ ಎಸಿ ಮೆಕ್ಯಾನಿಕ್ ಒಬ್ಬರು ಬಂದು, "ಮೇಡಂ, ನಮ್ಮ ಮೆಷಿನ್ ಏನೂ ಸೋರ್ತಿಲ್ಲ, ಮೇಲಿನ ಫ್ಲೋರಿಂದ ಬಂದಿರಬೇಕು" ಅಂದರು. ಮೇಲಿನ ಫ್ಲೋರಿನವರು ಕೆಳಗಿಳಿದು ನೋಡಿ, ಅದು ಎಸಿಯದ್ದೇ ಅಂದರು. ಇಬ್ಬರ ಜಗಳದಲ್ಲಿ ಟೈಲ್ ಬಡವಾಯಿತು. ಕೊನೆಗೆ ನಾನು ಮಾಡಿದ್ದು ಇಷ್ಟೇ: ಟೈಲ್ ತೆಗೆದು, ಆ ಜಾಗದಲ್ಲಿ ಟೈಲ್ ಹೊರುವ ಎರಡು ಗ್ರಿಡ್ ಪಟ್ಟಿಗಳ ಮೇಲೆ ಒಂದು ದಪ್ಪ ಬಿಳಿ ಕಾಗದ ಹಾಸಿ, ಶನಿವಾರ ಭಾನುವಾರ ಎಸಿ ಬಂದ್ ಇಟ್ಟೆ. ಸೋಮವಾರ ಬೆಳಿಗ್ಗೆ ಕಾಗದ ಒಣಗಿತ್ತು. ಎಸಿ ಹಾಕಿಸಿದೆ, ಮಧ್ಯಾಹ್ನದೊಳಗೆ ಕಾಗದದ ಮೇಲೆ ನೀರಿನ ಗುರುತು. ಮೆಕ್ಯಾನಿಕ್ ಆ ಕಾಗದವನ್ನು ಬಹಳ ಹೊತ್ತು ನೋಡಿ, ಏನೂ ಮಾತಾಡದೆ ಏಣಿ ಹತ್ತಿದರು.

ಎಸಿ ಗಾಳಿ ಬರುವ ಡಿಫ್ಯೂಸರ್ ಸುತ್ತ ಕಿರಣದ ಹಾಗೆ ಹರಡುವ ಕಪ್ಪು ಗೆರೆಗಳದು ಇನ್ನೊಂದು ಕಥೆ. ಇದನ್ನು ನೋಡಿದವರೆಲ್ಲ "ಡಕ್ಟ್ ಒಳಗೆ ಎಷ್ಟು ಕೊಳೆ ಇರಬೇಡ" ಅಂತ ಗಾಬರಿಯಾಗುತ್ತಾರೆ. ಡಕ್ಟ್ ಕ್ಲೀನಿಂಗ್ ಮಾಡುವವರೂ ಅದೇ ಗಾಬರಿಯನ್ನು ಮಾರುತ್ತಾರೆ. ಆದರೆ ಆ ಕಪ್ಪಿನ ದೊಡ್ಡ ಪಾಲು ಡಕ್ಟಿನದ್ದಲ್ಲ, ಕೋಣೆಯದ್ದು. ಡಿಫ್ಯೂಸರಿನಿಂದ ಜೋರಾಗಿ ಹೊರಟ ಗಾಳಿ ಸೀಲಿಂಗ್‌ಗೆ ಅಂಟಿಕೊಂಡೇ ಹರಿಯುತ್ತದೆ, ಹರಿಯುವಾಗ ಪಕ್ಕದ ಗಾಳಿಯನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ. ಆ ಪಕ್ಕದ ಗಾಳಿಯಲ್ಲಿ ನಮ್ಮ ಕಾರ್ಪೆಟ್ಟಿನ ಎಳೆ, ಬಟ್ಟೆಯ ನವಿರು, ಕಾಗದದ ಪುಡಿ, ಹೊರಗಿಂದ ಬಂದ ಹೊಗೆ ಎಲ್ಲ ಇರುತ್ತದೆ. ತರಿತರಿ ಮೇಲ್ಮೈಗೆ ಅದು ಸಿಕ್ಕಿಕೊಂಡು ಗೆರೆಯಾಗುತ್ತದೆ. ಬೇಕಾದರೆ ಪರೀಕ್ಷೆ ಮಾಡಿ: ಓಡಾಟ ಹೆಚ್ಚಿರುವ ಬಾಗಿಲ ಹತ್ತಿರದ ಡಿಫ್ಯೂಸರ್ ಸುತ್ತ ಗೆರೆ ದಟ್ಟವಾಗಿರುತ್ತದೆ, ಯಾರೂ ಕೂರದ ಸಣ್ಣ ರೂಮಿನಲ್ಲಿ ಅದೇ ಡಕ್ಟಿನ ಗಾಳಿ ಬಂದರೂ ಅಷ್ಟಿರುವುದಿಲ್ಲ. ಅಂದರೆ ಸೀಲಿಂಗ್ ಕಪ್ಪಾಗದಿರಲು ನೆಲದ ಕಾರ್ಪೆಟ್ ಚೆನ್ನಾಗಿ ವ್ಯಾಕ್ಯೂಮ್ ಮಾಡಬೇಕು. ಈ ಮಾತನ್ನು ಮ್ಯಾನೇಜರುಗಳಿಗೆ ನಂಬಿಸುವುದು ಸುಲಭವಲ್ಲ.

ಟೈಲ್ ಅಂಚಿಗುಂಟ ಮಾತ್ರ ಸಣ್ಣ ಕಪ್ಪು ರೇಖೆ ಇದ್ದರೆ ಟೈಲ್ ಗ್ರಿಡ್ ಮೇಲೆ ಸರಿಯಾಗಿ ಕೂತಿಲ್ಲ, ಆ ಸಂದಿಯಿಂದ ಗಾಳಿ ನುಸುಳುತ್ತಿದೆ. ಎತ್ತಿ ಸರಿಯಾಗಿ ಕೂರಿಸಿದರೆ ಮುಗಿಯಿತು. ಬೆರಳಚ್ಚುಗಳಿಗೆ ವಿವರಣೆಯೇ ಬೇಡ: ನೆಟ್‌ವರ್ಕ್ ಕೇಬಲ್ ಎಳೆಯಲು ಬಂದವರು ಬಿಟ್ಟು ಹೋದ ಸಹಿ. ಬೂಷ್ಟು ಬಂದಿದ್ದರೆ, ಅಂದರೆ ಹಸಿರೋ ಕಪ್ಪೋ ಚುಕ್ಕಿ ಗುಂಪುಗುಂಪಾಗಿ, ಮುಗ್ಗಲು ವಾಸನೆಯ ಜೊತೆಗೆ, ಸ್ವಚ್ಛ ಮಾಡುವ ಯೋಚನೆ ಬಿಡಿ. ಮೇಲೆ ಉಜ್ಜಿದರೂ ಬೇರು ಒಳಗಿರುತ್ತದೆ, ಉಜ್ಜಿದ್ದಕ್ಕೆ ಬೀಜಕಣಗಳು ಕೋಣೆಯೆಲ್ಲ ಹರಡುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಶಾಲೆ ಮತ್ತು ಕಚೇರಿ ಕಟ್ಟಡಗಳಿಗೆ ಮಾಡಿರುವ ಬೂಷ್ಟಿನ ಮಾರ್ಗಸೂಚಿ ಇನ್ನೂ ಖಡಕ್ಕಾಗಿದೆ: ನೆನೆದ ಸೀಲಿಂಗ್ ಟೈಲನ್ನು ಒಣಗಿಸಲು ಹೋಗಬೇಡಿ, 24ರಿಂದ 48 ಗಂಟೆಯೊಳಗೆ ತೆಗೆದು ಬಿಸಾಕಿ ಹೊಸದು ಹಾಕಿ ಅನ್ನುತ್ತದೆ. ನಾನು ಅಂಥದನ್ನು ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿಕೊಂಡು, ಬಾಯಿ ಕಟ್ಟಿಯೇ ಹೊರಗೆ ಸಾಗಿಸಲು ಹೇಳುತ್ತೇನೆ.

ಈಗ ಕೆಲಸಕ್ಕೆ ಬರೋಣ. ಸೀಲಿಂಗ್ ಕೆಲಸ ಆಫೀಸ್ ಖಾಲಿಯಿದ್ದಾಗಲೇ. ಮೊದಲು ಎಸಿ ಬಂದ್, ಇಲ್ಲದಿದ್ದರೆ ಎಬ್ಬಿಸಿದ ಧೂಳನ್ನು ಅದೇ ಎಳೆದುಕೊಂಡು ಬೇರೆ ಕೋಣೆಗೆ ಹಂಚುತ್ತದೆ. ಕಂಪ್ಯೂಟರ್ ಆಫ್ ಮಾಡಿ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಕಣ್ಣಿಗೆ ಸುತ್ತಲೂ ಮುಚ್ಚುವ ಕನ್ನಡಕ, ಮೂಗಿಗೆ ಮಾಸ್ಕ್. ಕನ್ನಡಕವಿಲ್ಲದೆ ಮೇಲೆ ನೋಡುತ್ತಾ ಕೆಲಸ ಮಾಡುವವರನ್ನು ನಾನು ಏಣಿಯಿಂದ ಇಳಿಸಿಯೇ ಮುಂದಿನ ಮಾತಾಡುವುದು. ಏಣಿ ನಾಲ್ಕು ಕಾಲಿನದು, ಹತ್ತಿ ನಿಂತಾಗ ಸೀಲಿಂಗ್ ಮುಖದಿಂದ ಒಂದು ಕೈಯಳತೆಯಲ್ಲಿರಬೇಕು. ಚಕ್ರದ ಕುರ್ಚಿ ಮೇಲೆ ನಿಲ್ಲುವ ಸಾಹಸಿಗಳು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ, ಅವರಿಗೆ ಏನು ಹೇಳಬೇಕೋ ನನಗೆ ತಿಳಿಯದು. ಆಯ ತಪ್ಪಿದಾಗ ಕೈ ತಾನಾಗಿ ಗ್ರಿಡ್ ಹಿಡಿಯಲು ಹೋಗುತ್ತದೆ. ಅದು ತಂತಿಯಲ್ಲಿ ನೇತಾಡುವ ತಗಡಿನ ಪಟ್ಟಿ, ಟೈಲ್ ಹೊರಲು ಮಾಡಿದ್ದು, ಮನುಷ್ಯರನ್ನಲ್ಲ.

ನಮ್ಮ ಹೌಸ್‌ಕೀಪಿಂಗ್ ಅಕ್ಕ ಈ ಕೆಲಸದಲ್ಲಿ ಪಳಗಿದ ಕೈ. ಅವರು ಶುರು ಮಾಡುವುದು ಟಾರ್ಚಿನಿಂದ. ಲೈಟೆಲ್ಲ ಆರಿಸಿ, ಮೊಬೈಲ್ ಟಾರ್ಚನ್ನು ಸೀಲಿಂಗ್‌ಗೆ ಸಮಾನಾಂತರವಾಗಿ ಹಿಡಿಯುತ್ತಾರೆ. ನೇರ ಬೆಳಕಿನಲ್ಲಿ ಬೆಳ್ಳಗೆ ಕಾಣುತ್ತಿದ್ದ ಟೈಲ್ ಮೇಲೆ ಆಗ ಧೂಳಿನ ತುಪ್ಪಳ, ಜೇಡರ ಬಲೆಯ ಎಳೆ, ಜೋಲಿದ ಹೊಟ್ಟೆ ಎಲ್ಲ ನೆರಳು ಬಿಟ್ಟು ಎದ್ದು ಕಾಣುತ್ತದೆ. ಜೋಲಿದ್ದಕ್ಕೆ ಪೆನ್ಸಿಲಿನಲ್ಲಿ ಅಂಚಿನ ಪಟ್ಟಿಯ ಮೇಲೆ ಗುರುತು. ಅದು ಬದಲಿಸುವ ಲೆಕ್ಕಕ್ಕೆ.

ಆಮೇಲೆ ವ್ಯಾಕ್ಯೂಮ್. ಹೆಪಾ ಫಿಲ್ಟರ್ ಇರುವ ಮೆಷಿನ್ ಬೇಕು, 0.3 ಮೈಕ್ರಾನ್ ಕಣಗಳಲ್ಲೂ 99.97 ಶೇಕಡಾ ಹಿಡಿಯುವ ಫಿಲ್ಟರ್ ಅದು. ಮಾಮೂಲಿ ಮೆಷಿನ್ ದಪ್ಪ ಧೂಳು ಹಿಡಿದು ಸಣ್ಣದನ್ನು ಹಿಂದಿನಿಂದ ಊದುತ್ತದೆ, ಅದು ಸಂಜೆಯೊಳಗೆ ಮತ್ತೆ ಸೀಲಿಂಗ್‌ಗೇ ಹೋಗಿ ಕೂರುತ್ತದೆ. ಪೈಪಿನ ತುದಿಗೆ ಉದ್ದ ಮೆತ್ತನೆ ಕೂದಲಿನ ಬ್ರಷ್. ಕೂದಲಿನ ತುದಿ ಟೈಲಿಗೆ ತಾಗಿಯೂ ತಾಗದಂತಿರಬೇಕು. ಒತ್ತಿದರೆ ಪ್ಲಾಸ್ಟಿಕ್ ತುಟಿಯ ಗುಂಡು ಅಚ್ಚು ಟೈಲ್ ಮೇಲೆ ಬೀಳುತ್ತದೆ, ಅದು ಹೋಗುವುದಿಲ್ಲ. ಸೀಳುಗಳಿರುವ ಟೈಲಿನಲ್ಲಿ ಸೀಳು ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೇ, ಒಂದೇ ಕಡೆಗೆ ಎಳೆಯಬೇಕು. ಸುತ್ತಿಸುತ್ತಿ ಉಜ್ಜಿದರೆ ಧೂಳು ಸೀಳಿನ ಮೂಲೆಗೆ ತುರುಕಿಕೊಳ್ಳುತ್ತದೆ. ಗರಿಯ ಡಸ್ಟರ್ ಬೇಡವೇ ಬೇಡ, ಅದು ಧೂಳನ್ನು ಸ್ಥಳಾಂತರ ಮಾಡುತ್ತದೆ ಅಷ್ಟೇ. ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ಸೀಲಿಂಗ್‌ಗೆ ಇಷ್ಟರಲ್ಲೇ ಬಿಳುಪು ಮರಳುತ್ತದೆ, ಬೇರೇನೂ ಬೇಕಾಗುವುದಿಲ್ಲ.

ಉಳಿದ ಕಪ್ಪಿಗೆ ಒಣ ಸ್ಪಾಂಜ್. ಇದರ ಹೆಸರು ಡ್ರೈ ಕ್ಲೀನಿಂಗ್ ಸ್ಪಾಂಜ್, ಮಸಿ ಸ್ಪಾಂಜ್ ಅಂತಲೂ ಕರೆಯುತ್ತಾರೆ. ಬೆಂಕಿ ಬಿದ್ದ ಮನೆಗಳ ಗೋಡೆಯಿಂದ ಮಸಿ ತೆಗೆಯುವವರ ಸಾಮಾನು. ಪಾತ್ರೆ ಉಜ್ಜುವ ಸ್ಪಾಂಜಲ್ಲ, ವಲ್ಕನೈಸ್ ಮಾಡಿದ ನೈಸರ್ಗಿಕ ರಬ್ಬರಿನ ಇಟ್ಟಿಗೆ. ಕೈಯಲ್ಲಿ ಹಿಡಿದರೆ ಕೊಂಚ ಅಂಟಂಟು, ರಬ್ಬರಿನ ವಾಸನೆ. ನೀರು ತಾಗಿಸಿದರೆ ಅದರ ಗುಣವೇ ಹೋಯಿತು. ಡಿಫ್ಯೂಸರ್ ಪಕ್ಕದ ಕಪ್ಪು ಗೆರೆಯ ಮೇಲೆ ಇದನ್ನು ಇಟ್ಟು ಹಗುರಾಗಿ ನಿಮ್ಮ ಕಡೆಗೆ ಒಂದೇ ಎಳೆತ ಎಳೆಯಿರಿ, ಎತ್ತಿಬಿಡಿ. ಟೈಲ್ ಮೇಲೆ ಸ್ಪಾಂಜಿನಗಲದ ಬಿಳಿ ದಾರಿ ಬೀಳುತ್ತದೆ, ಸ್ಪಾಂಜಿನ ಮುಖದ ಮೇಲೆ ಆ ಗೆರೆ ಹಾಗೇ ಬಂದಿರುತ್ತದೆ. ಎರಡನೇ ಎಳೆತಕ್ಕೆ ಸ್ಪಾಂಜ್ ತಿರುಗಿಸಿ ಸ್ವಚ್ಛ ಮಗ್ಗುಲು ಬಳಸಬೇಕು. ಅಲ್ಲೇ ಮುಂದುವರಿಸಿದರೆ ತೆಗೆದ ಮಸಿಯನ್ನು ಪಕ್ಕದ ಟೈಲಿಗೆ ಬಳಿದಂತೆ. ಎಲ್ಲ ಮಗ್ಗುಲೂ ಕಪ್ಪಾದ ಮೇಲೆ ಬ್ಲೇಡಿನಲ್ಲಿ ತೆಳುವಾಗಿ ಸೀಳಿ ಹಾಕಿದರೆ ಒಳಗೆ ಹೊಸ ಮುಖ ಸಿಗುತ್ತದೆ. ನಮ್ಮ ಅಕ್ಕ ಆ ಕತ್ತರಿಸಿದ ಕಪ್ಪು ಪದರಗಳನ್ನು ಕಿಟಕಿ ಕಟ್ಟೆ ಮೇಲೆ ಸಾಲಾಗಿ ಇಡುತ್ತಾರೆ, ಬಿಸಾಕಲು ಮನಸ್ಸಿಲ್ಲ. "ನೋಡ್ಲಿ ಬಿಡಿ ಮೇಡಂ, ಎಷ್ಟು ಕೊಳೆ ಇತ್ತು ಅಂತ ಅವರಿಗೂ ಗೊತ್ತಾಗ್ಲಿ" ಅನ್ನುತ್ತಾರೆ.

ನೀರಿಲ್ಲದೆ ಮಸಿ ಎತ್ತುವ ಉಪಾಯ ಹೊಸದೇನಲ್ಲ. ಕಲ್ಲಿದ್ದಲು ಉರಿಸಿ ಮನೆ ಬೆಚ್ಚಗಿಡುತ್ತಿದ್ದ ಕಾಲದಲ್ಲಿ ಅಮೆರಿಕದಲ್ಲಿ ಗೋಡೆ ಕಾಗದದ ಮೇಲಿನ ಮಸಿ ತೆಗೆಯಲೆಂದೇ ಹಿಟ್ಟಿನ ಮುದ್ದೆಯಂಥದ್ದನ್ನು ಮಾರುತ್ತಿದ್ದರು. ಗೋಡೆಯ ಮೇಲೆ ಉರುಳಿಸಿದರೆ ಮಸಿ ಅಂಟಿಕೊಂಡು ಬರುತ್ತಿತ್ತು. ಕಲ್ಲಿದ್ದಲು ಹೋಯಿತು, ತೊಳೆಯುವ ಗೋಡೆ ಕಾಗದ ಬಂತು, ಮುದ್ದೆ ಕೇಳುವವರಿಲ್ಲವಾಯಿತು. ಆ ಮುದ್ದೆಯನ್ನೇ 1950ರ ದಶಕದ ನಡುವೆ ಮಕ್ಕಳ ಆಟಿಕೆ ಮಾಡಿ ಮಾರಿದರು, ಅದೇ ಪ್ಲೇ-ಡೋ. ಈಗಿನ ಆಟಿಕೆಯಲ್ಲಿ ಬಣ್ಣ ಇರುತ್ತದೆ, ದಯವಿಟ್ಟು ಸೀಲಿಂಗ್‌ಗೆ ಹಚ್ಚಲು ಹೋಗಬೇಡಿ.

ಬೆರಳಚ್ಚು, ಪೆನ್ಸಿಲ್ ಗೀರಿಗೆ ಚಿತ್ರ ಬಿಡಿಸುವವರ ಮೆತ್ತನೆ ಬಿಳಿ ರಬ್ಬರ್ ಸಾಕು. ಸಣ್ಣ ಗೀಚು ಬಿದ್ದು ಒಳಗಿನ ಬೂದು ಕಾಣುತ್ತಿದ್ದರೆ ಬಿಳಿ ಸೀಮೆಸುಣ್ಣದಲ್ಲಿ ತೀಡಿ ಬೆರಳಲ್ಲಿ ಸವರಿದರೆ ಕೆಳಗಿಂದ ಯಾರಿಗೂ ಗೊತ್ತಾಗುವುದಿಲ್ಲ. ಇದು ಮೋಸ ಅನ್ನುವವರು ಅನ್ನಲಿ.

ಕಂದು ಉಂಗುರಕ್ಕೆ ಮಾತ್ರ ಒಣ ವಿದ್ಯೆ ಸಾಲದು, ಅದು ಧೂಳಲ್ಲ, ಒಳಗಿಳಿದ ಬಣ್ಣ. ಸೋರಿಕೆ ನಿಂತು, ಟೈಲ್ ಪೂರ್ತಿ ಒಣಗಿ, ನೆಟ್ಟಗೇ ಇದ್ದರೆ 3 ಶೇಕಡಾದ ಹೈಡ್ರೋಜನ್ ಪೆರಾಕ್ಸೈಡನ್ನು ತೀರಾ ಸಣ್ಣ ಹನಿ ಬರುವ ಬಾಟಲಿಯಿಂದ ಮಂಜು ಕೂತಷ್ಟೇ ಸಿಂಪಡಿಸಿ ಒಣಗಲು ಬಿಡುತ್ತೇವೆ. ಟೈಲನ್ನು ಕೆಳಗಿಳಿಸಿ ಮೇಜಿನ ಮೇಲೆ ಮಲಗಿಸಿಯೇ ಇದನ್ನು ಮಾಡುವುದು. ತಲೆ ಮೇಲೆ ಸಿಂಪಡಿಸಿದರೆ ಕಣ್ಣಿಗೂ ಕಾರ್ಪೆಟ್ಟಿಗೂ ಬೀಳುತ್ತದೆ, ಕಾರ್ಪೆಟ್ ಬಣ್ಣ ಹೋಗುತ್ತದೆ. ಕಲೆ ತಿಳಿಯಾಗುತ್ತದೆ, ಆದರೆ ಪೂರ್ತಿ ಮಾಯವಾಗುತ್ತದೆ ಅನ್ನೋ ಭರವಸೆ ಕೊಡಲಾರೆ. ಬ್ಲೀಚ್ ಇನ್ನೂ ಚುರುಕು, ಆದರೆ ಮುಚ್ಚಿದ ಆಫೀಸಿನಲ್ಲಿ ಅದರ ಘಾಟು, ಗ್ರಿಡ್ ತಗಡಿಗೆ ತುಕ್ಕು, ಇವೆಲ್ಲ ನನಗೆ ಬೇಡ. ಬಳಸುವವರು ಒಂದು ನೆನಪಿಡಿ: ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಅಥವಾ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೆರೆತರೆ ವಿಷಗಾಳಿ ಹೊರಡುತ್ತದೆ. ಹೌಸ್‌ಕೀಪಿಂಗ್ ಟ್ರಾಲಿಯಲ್ಲಿ ಮೂರೂ ಪಕ್ಕಪಕ್ಕದಲ್ಲೇ ಇರುತ್ತವೆ ಅನ್ನೋದೇ ತೊಂದರೆ.

"ಬಣ್ಣ ಬಳಿದುಬಿಡೋಣ" ಅನ್ನುವವರಿಗೆ ಎರಡು ಉತ್ತರ. ಒಂದು, ಮಾಮೂಲಿ ನೀರಿನ ಬಣ್ಣದ ಅಡಿಯಿಂದ ಆ ಕಂದು ಮತ್ತೆ ಮೇಲೆ ಬರುತ್ತದೆ. ಬಣ್ಣದಲ್ಲಿರುವ ನೀರೇ ಅದನ್ನು ಕರಗಿಸಿ ಎಳೆದು ತರುತ್ತದೆ. ಕಲೆ ತಡೆಯುವ ಶೆಲ್ಯಾಕ್ ಅಥವಾ ಎಣ್ಣೆ ಪ್ರೈಮರ್ ಮೊದಲು ಬೇಕು. ಎರಡು, ರೋಲರಿನಲ್ಲಿ ಬಳಿದ ದಪ್ಪ ಬಣ್ಣ ತೂತುಗಳನ್ನು ಮುಚ್ಚಿ ಸದ್ದು ಹೀರುವ ಗುಣ ಕೊಲ್ಲುತ್ತದೆ, ಬೆಂಕಿ ತಡೆಯುವ ರೇಟಿಂಗ್ ಉಳಿಯುತ್ತದೆಯೋ ಇಲ್ಲವೋ ಹೇಳುವಂತಿಲ್ಲ. ಒಂದು ಟೈಲಿನ ಮೇಲೆ ಅಂಗೈಯಗಲ ಜಾಗಕ್ಕೆ ಪ್ರೈಮರ್ ಹಚ್ಚಿದರೆ ಅಡ್ಡಿಯಿಲ್ಲ. ಇಡೀ ಹಾಲಿಗೆ ಬಳಿಯುವುದಕ್ಕೆ ನಾನು ಇಲ್ಲಿಯವರೆಗೆ ಒಪ್ಪಿಲ್ಲ. ಇನ್ನೊಂದು ಅಪಾಯ ಸ್ಪ್ರಿಂಕ್ಲರ್, ಬೆಂಕಿ ಬಿದ್ದಾಗ ಸೀಲಿಂಗ್‌ನಿಂದ ತಾನೇ ನೀರು ಚಿಮ್ಮಿಸುವ ಸಾಧನ. ಅದರ ಪುಟ್ಟ ಗಾಜಿನ ಕೊಳವೆಯೊಳಗಿನ ದ್ರವ ಕೆಂಪಾಗಿದ್ದರೆ 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯಲು ಮಾಡಿದ್ದು ಅಂತ. ಅದರ ಮೇಲೆ ಬಣ್ಣ ಕೂತರೆ ಬಿಸಿ ತಾಗುವುದು ತಡವಾಗುತ್ತದೆ, ಕೆಲವೊಮ್ಮೆ ತೆರೆಯುವುದೇ ಇಲ್ಲ. ಬಣ್ಣ ಹತ್ತಿದ ಸ್ಪ್ರಿಂಕ್ಲರನ್ನು ಕೆರೆದು ಉಳಿಸಿಕೊಳ್ಳುವಂತಿಲ್ಲ, ಬದಲಿಸಬೇಕು. ಅಗ್ನಿ ಸುರಕ್ಷತೆಗೆ ಅಮೆರಿಕದವರು ಮಾಡಿದ ಎನ್‌ಎಫ್‌ಪಿಎ 25 ಮಾನದಂಡ ಹೇಳುವುದೂ ಇದನ್ನೇ. ಸ್ಮೋಕ್ ಡಿಟೆಕ್ಟರಿಗೆ ಕೆಲಸದ ಹೊತ್ತಿಗೆ ಧೂಳಿನ ಟೋಪಿ ಹಾಕಬೇಕು, ಮುಗಿದ ಕೂಡಲೇ ತೆಗೆಯಬೇಕು. ನಮ್ಮಲ್ಲಿ ಟೋಪಿಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸ್ ತೆಗೆದುಕೊಳ್ಳುತ್ತೇನೆ. ಜಿಪುಣಿ ಅನ್ನಿಸಿಕೊಂಡರೂ ಪರವಾಗಿಲ್ಲ.

ಒಂದು ಕ್ಲೀನಿಂಗ್ ಏಜೆನ್ಸಿಯವರು ಬಂದು ಯಾವುದೋ ಕೆಮಿಕಲ್ ಸಿಂಪಡಿಸಿ ಇಡೀ ಸೀಲಿಂಗ್ ಒಂದೇ ರಾತ್ರಿಗೆ ಹೊಸದರಂತೆ ಮಾಡಿಕೊಡುತ್ತೇವೆ ಅಂದಿದ್ದರು. ಏನದು ಕೆಮಿಕಲ್ ಅಂದೆ. "ನಮ್ಮ ಫಾರ್ಮುಲಾ ಮೇಡಂ" ಅಂದರು. ಸುರಕ್ಷತಾ ವಿವರದ ಹಾಳೆ ಕೊಡಿ ಅಂದೆ, ಕಳಿಸುತ್ತೇವೆ ಅಂದವರು ಇನ್ನೂ ಕಳಿಸುತ್ತಲೇ ಇದ್ದಾರೆ. ಇಂಥ ಸಿಂಪಡಣೆಗಳಲ್ಲಿ ಸರಿಯಾದವೂ ಇವೆ, ಪೆರಾಕ್ಸೈಡ್ ಆಧಾರದವು ಕೆಲಸ ಮಾಡುತ್ತವೆ. ಆದರೆ ಬಾಟಲಿಯೊಳಗೇನಿದೆ ಅಂತ ಹೇಳಲು ಹಿಂಜರಿಯುವವರ ಕೈಗೆ ನೂರಾರು ಟೈಲ್ ಕೊಡಲಾರೆ. ಬಣ್ಣ ಬಿಳುಪಾಗಿ ಧೂಳು ಅಲ್ಲೇ ಉಳಿದಿದ್ದರೆ ಅದನ್ನು ಸ್ವಚ್ಛತೆ ಅನ್ನಬೇಕೇ ಅನ್ನೋ ಪ್ರಶ್ನೆಯೂ ಇದೆ. ಯಾರನ್ನೇ ಕರೆಸಿದರೂ ಒಂದು ಮೂಲೆಯಲ್ಲಿ ಒಂದು ಟೈಲ್ ಮಾಡಿ ತೋರಿಸಲು ಹೇಳಿ, ಒಂದು ವಾರ ಬಿಟ್ಟು ಟಾರ್ಚ್ ಹಾಕಿ ನೋಡಿ.

ಬದಲಿಸುವುದೇ ಸರಿ ಅನ್ನಿಸಿದ ಟೈಲುಗಳಿಗೆ ಒಂದೆರಡು ಗುಟ್ಟು. ತೆಗೆಯುವಾಗ ಎರಡು ಅಂಗೈಯಿಂದ ಮೇಲಕ್ಕೆ ಸಮನಾಗಿ ಎತ್ತಿ, ಓರೆ ಮಾಡಿ, ಚೌಕದ ಕರ್ಣದಗುಂಟ ಕೆಳಗಿಳಿಸಬೇಕು. ಚೌಕ 600 ಮಿಲಿಮೀಟರಿನದಾದರೆ ಟೈಲ್ ಅಳತೆ 595 ಇರುವುದರಿಂದ ಜಾಗವಿರುತ್ತದೆ. ಬೆನ್ನ ಮೇಲೆ ವರ್ಷಗಳ ಧೂಳಿರುತ್ತದೆ, ಇಳಿಸುವ ಮುಂಚೆ ಎತ್ತಿದ ಸಂದಿಯಿಂದ ವ್ಯಾಕ್ಯೂಮ್ ಪೈಪ್ ತೂರಿಸಿ ಅದನ್ನು ಎಳೆದುಬಿಡಿ, ಇಲ್ಲದಿದ್ದರೆ ಅದಿಷ್ಟೂ ನಿಮ್ಮ ಮುಖಕ್ಕೆ. ಕೈಗೆ ತೊಳೆದ ಬಿಳಿ ಹತ್ತಿ ಗ್ಲೌಸ್. ಹೊಸ ಟೈಲಿನ ಬೆನ್ನ ಮೇಲೆ ಬಾಣದ ಗುರುತಿದ್ದರೆ ಎಲ್ಲ ಬಾಣಗಳೂ ಒಂದೇ ದಿಕ್ಕಿಗಿರಲಿ, ಇಲ್ಲವಾದರೆ ಸೀಳುಗಳ ಓಟ ತಪ್ಪಿ ಆ ಒಂದು ಟೈಲ್ ಅಡ್ಡಡ್ಡ ಕಾಣುತ್ತದೆ.

ಹೊಸ ಟೈಲ್ ಹಾಲಿನ ನಡುವೆ ಹಾಕಿದರೆ ಸುತ್ತಲಿನ ಹಳೆಯವು ಹಳದಿಯಾಗಿವೆ ಅನ್ನೋದನ್ನು ಅದೇ ಚಾಡಿ ಹೇಳುತ್ತದೆ. ಆದ್ದರಿಂದ ನಾನು ಹೊಸದನ್ನು ಸ್ಟೋರ್ ರೂಮಿಗೋ ಪ್ರಿಂಟರ್ ಮೂಲೆಗೋ ಹಾಕಿಸಿ, ಅಲ್ಲಿನ ಸಮವಯಸ್ಕ ಹಳೆಯ ಟೈಲನ್ನು ಹಾಲಿಗೆ ತರಿಸುತ್ತೇನೆ. ನಮ್ಮ ಸ್ಟೋರ್ ರೂಮಿನ ಸೀಲಿಂಗ್ ಈಗ ಇಡೀ ಆಫೀಸಿನಲ್ಲಿ ಎಲ್ಲಕ್ಕಿಂತ ಬೆಳ್ಳಗಿದೆ. ಹೆಚ್ಚುವರಿ ಟೈಲ್ ಒಂದು ಡಬ್ಬ ಅಲ್ಲೇ ಇಟ್ಟಿದ್ದೇನೆ, ಅದೇ ಮಾದರಿ, ಅದೇ ಬ್ಯಾಚ್. ಡಬ್ಬವನ್ನು ಮಲಗಿಸಿಯೇ ಇಡಬೇಕು, ನಿಲ್ಲಿಸಿದರೆ ಅಂಚು ಜಜ್ಜುತ್ತದೆ, ಟೈಲ್ ಬಾಗುತ್ತದೆ. ನೆಲಕ್ಕೆ ತಾಗದಂತೆ ಎರಡು ಮರದ ಪಟ್ಟಿ ಅಡಿಗೆ. ಮೇಲೆ ಏನನ್ನೂ ಪೇರಿಸಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ. ಸದ್ಯಕ್ಕೆ ಅದರ ಮೇಲೆ ಎರಡು ಕೆಟ್ಟ ಕೀಬೋರ್ಡ್ ಮತ್ತು ಯಾರದೋ ಹೆಲ್ಮೆಟ್ ಇದೆ.